ಹೊಲ ಹೋದ ಮೇಲೆ

ಹೊಸಕೋಟೆ ಹತ್ತಿರದ ಪಿಲ್ಲಗುಂಪೆ ಅಂದ್ರೆ ಈಗ ಕೈಗಾರಿಕಾ ಪ್ರದೇಶ. ಹೊಲ ಕಾರ್ಖಾನೆಯಾಗೋದು ಹೇಗೆ? 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಸೆಕ್ಷನ್‌ನಲ್ಲಿ ಮೊದಲು ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ಆಮೇಲೆ ಅಂತಿಮ ಅಧಿಸೂಚನೆ. ಮುಗೀತು.

ಮನಸ್ಸಿನಲ್ಲಿ ಅಷ್ಟು ಬೇಗ ಮುಗಿಯಲ್ಲ ಸ್ವಾಮಿ. ರಾಗಿ ಹೊಲ ಇದ್ದವನಿಗೆ ಬೆಳಗಾದರೆ ಕೆಲಸವಿತ್ತು, ಊರಲ್ಲಿ ಮಾತಿಗೆ ಬೆಲೆಯಿತ್ತು. ಪರಿಹಾರದ ದುಡ್ಡಲ್ಲಿ ಕಾರು ಬರುತ್ತೆ, ಮದುವೆ ಆಗುತ್ತೆ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗೋದು?

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ಹೆಚ್ಚಿನ ರೇಟಿಗಾಗಿ ಅಂತ ನಗರದವರು ಅಂದುಕೊಳ್ಳೋದು ಸುಲಭ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 1,777 ಎಕರೆ ಸ್ವಾಧೀನ ಕೈಬಿಟ್ಟರು. ಒಪ್ಪಿ ಕೊಡುವವರಿಂದ ಮಾತ್ರ ಖರೀದಿ ಅಂದರು. ಈಗ ಒಂದೇ ಮನೆಯಲ್ಲಿ ಅಪ್ಪ ಬೇಡ ಅಂದರೆ, ಮಗ ಕೊಡೋಣ ಅಂದರೆ? ಮುಂದಿನ ಧರಣಿ ಪಡಸಾಲೆಯಲ್ಲೇ.