ಕಿಸೆಯೊಳಗಣ ಕಣಜ

ಹೋದ ಫಾಲ್ಗುಣದಲ್ಲಿ ನನ್ನ ತಮ್ಮನ ಅವಳಿಮಕ್ಕಳು ನಮ್ಮ ಜಗುಲಿಯಲ್ಲಿ ಕುಳಿತು ಓದುತ್ತಿದ್ದರು. ಉಪಾಧ್ಯಾಯರು ಕಳುಹಿದ್ದ ಪಾಠದ ವೀಡಿಯೊವನ್ನು ಹುಡುಗನು ತನ್ನ ಮೊಬೈಲಿಗೆ ಇಳಿಸಿಕೊಂಡನು. ಹುಡುಗಿಯ ಸರದಿ ಬರುವಷ್ಟರಲ್ಲಿ ಅವಳ ದಿನದ ಡೇಟಾ ಮುಗಿದುಹೋಗಿದ್ದಿತು. ಮರುದಿನವೇ ಪರೀಕ್ಷೆ! ಅದೇ ಪಾಠವು ಒಂದು ಮೊಳ ದೂರದಲ್ಲಿ ಅಣ್ಣನ ಕಿಸೆಯಲ್ಲಿರುವಾಗ, ಊರಾಚೆಯ ಟವರಿನಿಂದ ಮತ್ತೆ ತರಿಸುವುದೇತಕ್ಕೆ?

ವಾಚಕ ಮಹಾಶಯರೇ, ಶಾಸ್ತ್ರಜ್ಞರೂ ಇದನ್ನೇ ಕೇಳಿಕೊಂಡಿರುವರು. ಜಾಲದಲ್ಲಿರುವ ವೀಡಿಯೊಗಳು ಅಸಂಖ್ಯಾತವಾದರೂ ಬಹುಜನರು ಬಯಸತಕ್ಕವು ಕೆಲವೇ. ಅಂಥವನ್ನು ಸಂದಣಿಯಿಲ್ಲದ ರಾತ್ರಿಯಲ್ಲಿಯೇ ತರಿಸಿ ಜನರ ಮೊಬೈಲುಗಳಲ್ಲಿ ಕೂಡಿಟ್ಟರೆ ಹಗಲಿನಲ್ಲಿ ಟವರಿನ ಭಾರವು ಇಳಿಯುವುದು. ಸುಗ್ಗಿಯಲ್ಲಿ ಕಣಜ ತುಂಬುವ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಈ ಸಂಗ್ರಹಕ್ಕೆ ‘ಕ್ಯಾಶ್’ ಎಂದು ಹೆಸರು. ಹಣವೆಂದು ಭ್ರಮಿಸಬಾರದು, ‘ಬಚ್ಚಿಡು’ ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಶಬ್ದವಿದು.

ಮದ್ದಾ-ಅಲಿ, ನೀಸೆನ್ ಎಂಬಿಬ್ಬರು 2014ರಲ್ಲಿ ಪ್ರಕಟಿಸಿದ ಉಪಾಯವಂತೂ ನನ್ನಂಥ ಹಳೆಯ ಮೇಷ್ಟರಿಗೆ ಪರಮಾನಂದವನ್ನುಂಟುಮಾಡಿತು. ಗಣಿತ, ಇತಿಹಾಸಗಳೆಂಬ ಎರಡು ಪಾಠಗಳಿವೆಯೆಂದೂ, ಎರಡರ ಪೂರ್ವಾರ್ಧಗಳು ಅಣ್ಣನಲ್ಲಿಯೂ ಉತ್ತರಾರ್ಧಗಳು ತಂಗಿಯಲ್ಲಿಯೂ ಮೊದಲೇ ಸೇರಿವೆಯೆಂದೂ ಎಣಿಸಿರಿ. ಈಗ ಅಣ್ಣನಿಗೆ ಗಣಿತ ಬೇಕು, ತಂಗಿಗೆ ಇತಿಹಾಸ ಬೇಕು. ಅಣ್ಣನಿಗೆ ಕೊರತೆಯಾದ ಗಣಿತದ ಉತ್ತರಾರ್ಧವು 7 ಎಂಬ ಅಂಕಿಯಾಗಿರಲಿ. ತಂಗಿಗೆ ಕೊರತೆಯಾದ ಇತಿಹಾಸದ ಪೂರ್ವಾರ್ಧವು 5 ಆಗಿರಲಿ. ಟವರು ಎರಡನ್ನೂ ಬೇರೆಬೇರೆ ಕಳುಹದೆ 12 ಎಂದು ಒಮ್ಮೆ ಸಾರಿದರೆ ಸಾಕು! ಅಣ್ಣನು ತನ್ನಲ್ಲಿರುವ 5ನ್ನು ಕಳೆದು 7ನ್ನು ಪಡೆಯುವನು. ತಂಗಿಯು ತನ್ನಲ್ಲಿರುವ 7ನ್ನು ಕಳೆದು 5ನ್ನು ಪಡೆಯುವಳು. ಯಂತ್ರವು ಕೂಡುವ ಕ್ರಮ ಬೇರೆಯಾದರೂ ತತ್ತ್ವವಿಷ್ಟೇ.

ಟವರಿನ ಹಂಗೇ ಇಲ್ಲದೆ ಎರಡು ಮೊಬೈಲುಗಳು ನೇರವಾಗಿ ಕೊಟ್ಟು ತೆಗೆದುಕೊಳ್ಳುವ ‘ವೈಫೈ ಡೈರೆಕ್ಟ್’ ವ್ಯವಸ್ಥೆಯೂ 2010ರಲ್ಲಿ ಬಂದಿತು. ಆದರೆ ಪರರಿಗೆ ಬಾಗಿಲು ತೆರೆಯುವಾಗ ಎಚ್ಚರಬೇಕು. ಈ ಕೆಲಸಕ್ಕೆ ಮನೆಮನೆಯಲ್ಲಿ ಬಳಕೆಯಾಗಿದ್ದ ಶೇರ್‌ಇಟ್ ಎಂಬ ಆ್ಯಪನ್ನು ಭಾರತ ಸರಕಾರವು 2020ರ ಜೂನಿನಲ್ಲಿ ಇತರ 58 ಆ್ಯಪುಗಳೊಡನೆ, ದೇಶದ ಭದ್ರತೆಯ ಕಾರಣವನ್ನು ಹೇಳಿ, ನಿಷೇಧಿಸಿತು. ಅಲ್ಲದೆ ನೆರೆಯವನಿಗಾಗಿ ನನ್ನ ಬ್ಯಾಟರಿ ಏಕೆ ತೀರಬೇಕೆಂದು ಯಾರಾದರೂ ಕೇಳಿದರೆ ತಪ್ಪೆನ್ನಲಾಗದು. ಕೊಡುವವನಿಗೆ ತಕ್ಕ ಪ್ರತಿಫಲವೇನೆಂಬುದನ್ನು ವಿದ್ವಾಂಸರೂ ಚರ್ಚಿಸುತ್ತಿರುವರು.

ನಮ್ಮ ಜಗುಲಿಯಲ್ಲಿಯೂ ಅದೇ ತಕರಾರು ಹುಟ್ಟಿತು. ಹುಡುಗನ ಬ್ಯಾಟರಿ ನೂರಕ್ಕೆ ಒಂಬತ್ತಕ್ಕೆ ಇಳಿದಿದ್ದಿತು. ಕರೆಂಟು ಬೇರೆ ಇರಲಿಲ್ಲ. ಅವನ ದೊಡ್ಡಮ್ಮನು ಒಳಗಿನಿಂದ ನಾಲ್ಕು ಕೋಡುಬಳೆ ತಂದು ಅವನ ಮುಂದಿಟ್ಟಳು. ಎರಡು ನಿಮಿಷಗಳಲ್ಲಿ ಪಾಠವು ತಂಗಿಗೆ ಸಂದಿತು.