ಸೋತ ಹೃದಯವೂ ಉಪಶಮನ ಶುಶ್ರೂಷೆಯೂ

ಹೃದಯವೈಫಲ್ಯವೆಂದರೆ ಹೃದಯವು ನಿಂತುಹೋಗುವುದೆಂದು ಬಹುಮಂದಿ ತಿಳಿದಿರುವರು. ಅದು ಸರಿಯಲ್ಲ. ಭೌತಶಾಸ್ತ್ರವನ್ನು ಬೋಧಿಸುವ ನಮ್ಮಂಥವರ ಕಣ್ಣಿಗೆ ಹೃದಯವೊಂದು ಪಂಪು. ವಿಶ್ರಾಂತಿಯಲ್ಲಿರುವಾಗಲೂ ಅದು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತದೆ. ಆರೋಗ್ಯವಂತನ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಪ್ರತಿ ಬಡಿತದಲ್ಲಿಯೂ ಹೊರಗಟ್ಟುತ್ತದೆ. ಸೋತ ಹೃದಯಗಳಲ್ಲಿ ಅನೇಕವು ನೂರಕ್ಕೆ 40ರಷ್ಟನ್ನೂ ಹೊರಗಟ್ಟಲಾರವು. ಇನ್ನು ಕೆಲವು ಪೆಡಸಾಗಿ, ತುಂಬಿಕೊಳ್ಳುವುದೇ ಕಷ್ಟವಾಗುತ್ತದೆ. ಪಂಪು ನಿಂತಿಲ್ಲ, ಬೇಕಾದಷ್ಟು ನಡೆಯುತ್ತಿಲ್ಲ, ಅಷ್ಟೆ.

ಹೀಗೆ ಹಿಂದುಳಿದ ರಕ್ತದ ಒತ್ತಡ ಏರಿ, ಲೋಮನಾಳಗಳಿಂದ ನೀರು ಸೋರಿ ಶ್ವಾಸಕೋಶಗಳಲ್ಲಿಯೂ ಕಾಲುಗಳಲ್ಲಿಯೂ ಸೇರುತ್ತದೆ. ನಿಂತಿದ್ದಾಗ ಗುರುತ್ವಾಕರ್ಷಣದಿಂದ ಕಾಲಿನಲ್ಲಿ ತಂಗಿದ್ದ ರಕ್ತವು ರೋಗಿಯು ಮಲಗಿದೊಡನೆ ಎದೆಯತ್ತ ಮರಳುತ್ತದೆ; ಉಸಿರು ಕಟ್ಟುತ್ತದೆ. ರಾತ್ರಿ ಎಷ್ಟು ದಿಂಬುಗಳನ್ನಿಟ್ಟುಕೊಂಡು ಮಲಗುವಿರೆಂದು ವೈದ್ಯರು ಕೇಳುವುದು ಈ ಕಾರಣದಿಂದಲೇ.

ಉಪಶಮನ ಶುಶ್ರೂಷೆಯ ಗುರಿ ರೋಗದ ನಿರ್ಮೂಲನವಲ್ಲ. ನೋವು, ಉಬ್ಬಸ, ಮನಸ್ಸಿನ ಕಳವಳ, ಮನೆಯವರ ಬಳಲಿಕೆ ಇವನ್ನು ತಗ್ಗಿಸುವುದೇ ಅದರ ಕೆಲಸ. ವೈದ್ಯೆ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟಫರ್ ಆಶ್ರಯಧಾಮವು ಇದರ ಆಧುನಿಕ ರೂಪಕ್ಕೆ ಮೂಲ. ಈ ಶುಶ್ರೂಷೆಯು ಮೊದಮೊದಲು ಹೆಚ್ಚಾಗಿ ದೊರೆತದ್ದು ಕ್ಯಾನ್ಸರ್ ರೋಗಿಗಳಿಗೆ. ಆದುದರಿಂದ ಹೃದಯರೋಗಿಗಳಲ್ಲಿ ಎಷ್ಟೋ ಮಂದಿ ಆ ಹೆಸರನ್ನು ಕೇಳಿದೊಡನೆ ‘ನಮಗೇನು ಕ್ಯಾನ್ಸರೇ? ವೈದ್ಯರು ನಮ್ಮ ಕೈಬಿಟ್ಟರೇ?’ ಎಂದು ಬೆದರುವರು.

ಸ್ಕಾಟ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಇದ್ದ 20 ಮಂದಿಯನ್ನೂ ತೀವ್ರ ಹೃದಯವೈಫಲ್ಯವಿದ್ದ 20 ಮಂದಿಯನ್ನೂ ಸಂಶೋಧಕರು ಮತ್ತೆ ಮತ್ತೆ ಕಂಡು ಮಾತನಾಡಿಸಿದರು. ಮೊದಲಿನವರಿಗೆ ತಮ್ಮ ದಾರಿ ಎತ್ತ ಸಾಗಿದೆಯೆಂಬುದು ತಿಳಿದಿತ್ತು. ನೆರವೂ ಹೆಚ್ಚಾಗಿ ದೊರೆಯುತ್ತಿತ್ತು. ಎರಡನೆಯವರಿಗೆ ತಮ್ಮ ರೋಗದ ಪರಿಚಯವೂ ಕಡಮೆ, ನೆರವೂ ಕಡಮೆ. ಅಮೆರಿಕದಲ್ಲಿ 122 ಹೃದಯವೈಫಲ್ಯ ರೋಗಿಗಳು ತಮಗೆ ಉಳಿದಿರುವ ಆಯುಸ್ಸನ್ನು ಸುಮಾರು 13 ವರ್ಷವೆಂದು ಅಂದಾಜು ಮಾಡಿದ್ದರು. ಗಣಿತ ಸೂತ್ರವು 10 ಎಂದಿತು. ಇದು 2008ರ ವರದಿ.

ಇದು ರೋಗಿಗಳ ಅಜ್ಞಾನವೆಂದು ನಾವು ಹೇಳಲಾರೆವು. ಉಸಿರುಗಟ್ಟಿ ಆಸ್ಪತ್ರೆ ಸೇರಿದವನು ವಾರ ಕಳೆದು ನಡೆದುಕೊಂಡು ಮನೆಗೆ ಬರುತ್ತಾನೆ. ಮರುಸಲವೂ ಹಾಗೆಯೇ ಬಂದೇನೆಂದು ನಂಬುವುದು ಸಹಜವಲ್ಲವೆ? ಅಲ್ಲದೆ ವೈದ್ಯರಿಗಾದರೂ ಒಬ್ಬೊಬ್ಬನ ವಿಚಾರ ನಿಶ್ಚಿತವಾಗಿ ತಿಳಿಯದು. ರೇಡಿಯಮ್ಮಿನ ಅರ್ಧಾಯು 1600 ವರ್ಷವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಯಾವ ಪರಮಾಣು ಯಾವಾಗ ಒಡೆಯುವುದೆಂದು ಹೇಳಲಾರೆವು. ಪರಮಾಣುವಿಗೆ ಆ ಚಿಂತೆಯಿಲ್ಲ, ಮನುಷ್ಯನಿಗುಂಟು. ಕೆಲವರು ಎಲ್ಲವನ್ನೂ ತಿಳಿಯಬಯಸುವರು, ಕೆಲವರು ಬೇಡವೆನ್ನುವರು. ವೈದ್ಯರೇ ಮಾತೆತ್ತಲೆಂದು ಕಾಯುವವರೂ ಉಂಟು.

ಈ ಶುಶ್ರೂಷೆಗಾಗಿ ಔಷಧಗಳನ್ನು ಬಿಡಬೇಕಾಗಿಲ್ಲವೆಂಬುದು ಮುಖ್ಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ 150 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನ ಚಿಕಿತ್ಸೆಯನ್ನೂ ಮತ್ತೊಂದಕ್ಕೆ ಅದರೊಡನೆ ಉಪಶಮನ ಶುಶ್ರೂಷೆಯನ್ನೂ ಕೊಟ್ಟರು. ಆರು ತಿಂಗಳ ಬಳಿಕ ಎರಡನೆಯ ಗುಂಪಿನವರ ಜೀವನ ಮೇಲಾಗಿತ್ತು, ಖಿನ್ನತೆಯೂ ಆತಂಕವೂ ತಗ್ಗಿದ್ದುವು. ಸಾವಿನ ಪ್ರಮಾಣದಲ್ಲಿ ಗಣನೀಯ ಅಂತರವಿರಲಿಲ್ಲ. ಇದು ಪ್ರಕಟವಾದುದು 2017ರಲ್ಲಿ.

ಮಾತನಾಡಲೇಬೇಕಾದ ಇನ್ನೊಂದು ವಿಷಯವುಂಟು. ಲಯ ಕೆಟ್ಟ ಹೃದಯಕ್ಕೆ ವಿದ್ಯುದಾಘಾತ ಕೊಟ್ಟು ಸರಿಪಡಿಸುವ ಸಣ್ಣ ಯಂತ್ರವನ್ನು ಕೆಲವರ ಎದೆಯ ಚರ್ಮದಡಿ ಹುದುಗಿಸುವರು. ಮನುಷ್ಯನಿಗೆ ಇಂಥದನ್ನು ಮೊದಲು ಅಳವಡಿಸಿದುದು 1980ರಲ್ಲಿ. ಸಾವು ಸಮೀಪಿಸಿದಾಗಲೂ ಆ ಯಂತ್ರ ತನ್ನ ಕೆಲಸವನ್ನು ಬಿಡದು, ಆಘಾತ ಕೊಡುತ್ತಲೇ ಇರಬಹುದು. ಶಸ್ತ್ರಕ್ರಿಯೆಯಿಲ್ಲದೆ ಹೊರಗಿನಿಂದಲೇ ಆಘಾತವನ್ನು ನಿಲ್ಲಿಸಬಹುದು. ಅದು ನಿಲ್ಲಬೇಕೆ ಬೇಡವೆ ಎಂದು ಹೇಳಬೇಕಾದವನು ರೋಗಿ. ಹೇಳುವ ಶಕ್ತಿ ಅವನಲ್ಲಿರುವಾಗಲೇ ಕೇಳಬೇಕು.