ತಿರಸ್ಕೃತ ಮಾಲಿನ ಲೆಕ್ಕ: ಸಣ್ಣ ಘಟಕಗಳಲ್ಲಿ ನಿರಂತರ ಸುಧಾರಣೆ

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ನಂತರ ಕೆ.ಜಿ.ಎಫ್., ಬಂಗಾರಪೇಟೆ, ಬೂದಿಕೋಟೆ ಪ್ರದೇಶದ ಯಂತ್ರಕುಶಲರಿಗೆ ಉಳಿದ ಆಸರೆಗಳಲ್ಲಿ ಬೆಮೆಲ್ ಕಾರ್ಖಾನೆ ಪ್ರಮುಖವಾದುದು. ಇಂತಹ ಬೃಹತ್ ಉದ್ಯಮಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಕ್ಕೆ ದರ ನಿಗದಿಯ ಸ್ವಾತಂತ್ರ್ಯ ಅತ್ಯಲ್ಪ. ಉಕ್ಕಿನ ಬೆಲೆಯಾಗಲಿ, ವಿದ್ಯುತ್ ದರವಾಗಲಿ ಮಾಲೀಕರ ಹತೋಟಿಯಲ್ಲಿಲ್ಲ. ಷೆಡ್ಡಿನ ಮೂಲೆಯಲ್ಲಿ ಬೆಳೆಯುವ ತಿರಸ್ಕೃತ ಮಾಲಿನ ರಾಶಿ ಮಾತ್ರ ಅವರ ಹತೋಟಿಯಲ್ಲಿದೆ. ಆದರೆ ಅದರ ಲೆಕ್ಕ ಇಡುವವರು ವಿರಳ.

ಬೂದಿಕೋಟೆ ರಸ್ತೆಯಲ್ಲಿ ಒಂದು ಲೇತ್ ಘಟಕವಿದೆಯೆಂದು ಊಹಿಸಬಹುದು. ಅದು ತಿಂಗಳಿಗೆ 2,000 ಉಕ್ಕಿನ ಪಿನ್ನುಗಳನ್ನು ತಯಾರಿಸುತ್ತದೆ. ಒಂದರ ವೆಚ್ಚ ರೂ. 300, ಮಾರಾಟ ಬೆಲೆ ರೂ. 340. ಶೇ. 4ರಷ್ಟು, ಅಂದರೆ 80 ಪಿನ್ನುಗಳು ತಿರಸ್ಕೃತವಾದವು. ಗುಜರಿಯಿಂದ ಒಂದಕ್ಕೆ ರೂ. 30 ಬಂದಿತು. ನಿವ್ವಳ ನಷ್ಟ ರೂ. 21,600. ಒಳ್ಳೆಯ ಪಿನ್ನೊಂದರ ಲಾಭ ರೂ. 40 ಆದುದರಿಂದ, ಕೆಟ್ಟ 80 ಪಿನ್ನುಗಳು ಒಳ್ಳೆಯ 540 ಪಿನ್ನುಗಳ ಲಾಭವನ್ನು ನುಂಗಿದಂತಾಯಿತು. ತಿಂಗಳ ಲಾಭ ರೂ. 55,200. ತಿರಸ್ಕಾರ ಶೇ. 1ಕ್ಕೆ ಇಳಿದರೆ ಇದೇ ಲಾಭ ರೂ. 73,800ಕ್ಕೆ ಏರುತ್ತದೆ. ಹೊಸ ಯಂತ್ರವಿಲ್ಲ, ಹೊಸ ಸಾಲವಿಲ್ಲ. 'ನೂರಕ್ಕೆ ನಾಲ್ಕು ತಾನೆ' ಎಂಬ ಉದಾಸೀನಕ್ಕೆ ವರ್ಷಕ್ಕೆ ತೆರುವ ಬೆಲೆ ರೂ. 2,23,200.

ಇಂತಹ ಸೋರಿಕೆಯನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ತಡೆಯುವ ಕ್ರಮಕ್ಕೆ ಜಪಾನೀಯರು ಕೈಜೆನ್ ಎಂದು ಹೆಸರಿಟ್ಟರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿನ ಇಂಜಿನಿಯರುಗಳಿಗೆ ನೀಡಿದ ಉಪನ್ಯಾಸಗಳು ಅಲ್ಲಿನ ಗುಣಮಟ್ಟ ಚಳವಳಿಗೆ ಬಲ ತಂದವು. ಮರುವರ್ಷ ಅವರ ಹೆಸರಿನಲ್ಲಿ ಬಹುಮಾನ ಸ್ಥಾಪನೆಯಾಯಿತು. 2002ರಲ್ಲಿ ಅದನ್ನು ಪಡೆದ ಟಿವಿಎಸ್ ಮೋಟಾರ್ ಸಂಸ್ಥೆಯ ಕಾರ್ಖಾನೆ ಇರುವುದು ಗಡಿಯಾಚೆಯ ಹೊಸೂರಿನಲ್ಲಿ. ಆದುದರಿಂದ ಇದು ಕೇವಲ ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ.

ವಿಧಾನದ ತಿರುಳು ನಾಲ್ಕು ಹೆಜ್ಜೆಗಳು: ಯೋಜಿಸು, ಮಾಡು, ಪರೀಕ್ಷಿಸು, ನೆಲೆಗೊಳಿಸು. ಮೇಲಿನ ಘಟಕದಲ್ಲಿ ಮೊದಲು ಬೇಕಾದುದು ಒಂದು ನೋಟ್‌ಬುಕ್ಕು: ಯಾವ ಯಂತ್ರ, ಯಾವ ಪಾಳಿ, ಯಾವ ದೋಷ. ಒಂದು ತಿಂಗಳು ಬರೆದಾಗ, 80ರಲ್ಲಿ 50 ಪಿನ್ನುಗಳು ಒಂದೇ ಲೇತಿನಲ್ಲಿ, ಟೂಲ್ ಬದಲಿಸಿದ ಕೂಡಲೇ ಅಳತೆ ತಪ್ಪಿದವು ಎಂದು ಕಂಡುಬರಬಹುದು. ಆಗ ಟೂಲ್ ಬದಲಿಸಿದ ಮೇಲೆ ಮೊದಲ ಪಿನ್ನನ್ನು ಗೇಜಿನಿಂದ ಪರೀಕ್ಷಿಸದೆ ಎರಡನೆಯದನ್ನು ಕಟ್ಟಕೂಡದೆಂಬ ನಿಯಮವನ್ನು ಆ ಒಂದು ಲೇತಿನಲ್ಲಿ ಮಾತ್ರ ಪ್ರಯೋಗಿಸಬೇಕು. ಮುಂದಿನ ತಿಂಗಳ ಅಂಕಿಗಳು ಇಳಿದರೆ ಎಲ್ಲ ಲೇತುಗಳಿಗೂ ಅನ್ವಯಿಸಬೇಕು. ಇಳಿಯದಿದ್ದರೆ ಕಾರಣ ಬೇರೆಯೇ ಇದೆ, ಹುಡುಕಾಟ ಮುಂದುವರಿಯಬೇಕು. ಅನೇಕ ಘಟಕಗಳು ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ: ನಿಯಮವನ್ನು ಬರೆದು ಗೋಡೆಗೆ ಹಾಕದ ಕಾರಣ ಟರ್ನರ್ ಬದಲಾದೊಡನೆ ಹಳೆಯ ದೋಷ ಮರಳುತ್ತದೆ.

ಉಪಕರಣಗಳ ಜೋಡಣೆ, ಶುಚಿತ್ವಗಳನ್ನು ಒಳಗೊಂಡ 'ಐದು ಎಸ್' ಪದ್ಧತಿಯ ಬಗ್ಗೆ ಹೆಚ್ಚು ವಿವರಣೆ ಅನಗತ್ಯ. ಆಯುಧಪೂಜೆಯ ಮುನ್ನಾದಿನ ಪ್ರತಿ ವರ್ಕ್‌ಷಾಪೂ ಅದನ್ನೇ ಮಾಡುತ್ತದೆ; ವರ್ಷಕ್ಕೊಮ್ಮೆ ಮಾತ್ರ ಎಂಬುದೇ ಕೊರತೆ.

ಒಂದು ಎಚ್ಚರಿಕೆ ಅಗತ್ಯ. ತಿರಸ್ಕಾರದ ಪುಸ್ತಕವನ್ನು ಸಂಬಳ ಕಡಿತಕ್ಕೆ ಬಳಸಿದ ದಿನವೇ ಅದು ಸುಳ್ಳು ಪುಸ್ತಕವಾಗುತ್ತದೆ. ಕೆಟ್ಟ ಪಿನ್ನು ಕಸದ ಬುಟ್ಟಿಯ ತಳ ಸೇರುತ್ತದೆ, ಇಲ್ಲವೆ ಒಳ್ಳೆಯವುಗಳ ನಡುವೆ ಗ್ರಾಹಕನ ಬಾಗಿಲು ತಲುಪುತ್ತದೆ. ಎರಡನೆಯದು ಹೆಚ್ಚು ದುಬಾರಿ.

ಏಕೆ ದುಬಾರಿ ಎಂಬುದನ್ನು ಕಾನೂನೇ ತಿಳಿಸುತ್ತದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯನ್ವಯ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ಈ ಅವಧಿಯ ಎಣಿಕೆ ಮಾಲು ಸ್ವೀಕೃತವಾದ ದಿನದಿಂದ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಪೂರೈಕೆದಾರರು ಅದನ್ನು ನಿವಾರಿಸಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ. ಕೆಲವೇ ಕೆಟ್ಟ ಪಿನ್ನುಗಳು ಇಡೀ ಬಿಲ್ಲಿನ ಹಣವನ್ನು ವಾರಗಟ್ಟಲೆ ತಡೆಹಿಡಿಯಬಲ್ಲವು. ಆ ಅವಧಿಯ ಓ.ಡಿ. ಬಡ್ಡಿ ಘಟಕದ್ದೇ.

ವರ್ಷಾಂತ್ಯದ ದಾಸ್ತಾನು ಮೌಲ್ಯಮಾಪನದಲ್ಲೂ ಈ ಪುಸ್ತಕ ಉಪಯುಕ್ತ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಹಜ ಪ್ರಮಾಣದ ಪೋಲನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಅದನ್ನು ಆ ವರ್ಷದ ವೆಚ್ಚವೆಂದೇ ತೋರಿಸಬೇಕು. ಸಹಜವೆಷ್ಟು, ಅಸಹಜವೆಷ್ಟು ಎಂದು ಆಡಿಟರು ಕೇಳಿದಾಗ ತೋರಿಸಲು ಹನ್ನೆರಡು ತಿಂಗಳ ಅಂಕಿಗಳಿದ್ದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.